ಪವಿತ್ರಾತ್ಮನಿಗೂ ಕ್ಯಾಲೆಂಡರ್ ಇನ್ವೈಟಾ?

ಕಾಲೇಜು ಹುಡುಗ ಹುಡುಗಿಯರಲ್ಲಿ ಆತ್ಮಿಕ ಉಜ್ಜೀವನ ಬರಲಿ ಅಂತ ಪ್ರಾರ್ಥನೆ ಮಾಡುವವರ ಬಗ್ಗೆ ನನಗೇನೂ ತಕರಾರಿಲ್ಲ. ಅದಕ್ಕೆ ತಾರೀಖು, ಪೋಸ್ಟರು, ಹೆಸರುವಾಸಿ ಸ್ಪೀಕರು, ಹೊಗೆ ಬಿಡುವ ಮಷೀನು ಎಲ್ಲಾ ಗೊತ್ತುಮಾಡಿ, ಇಷ್ಟು ಗಂಟೆಗೆ ಬಾರಪ್ಪಾ ಅಂತ ದೇವರಿಗೂ ಟೈಮ್ ಕೊಡ್ತೀವಲ್ಲ, ತಕರಾರು ಅಲ್ಲಿದೆ.

ಆಸ್ಬರಿಯನ್ನೇ ನೋಡಿ. ಅಮೆರಿಕದ ಕೆಂಟಕಿ ರಾಜ್ಯದ ವಿಲ್ಮೋರ್ ಅನ್ನೋ ಪುಟ್ಟ ಊರು. ಜನಸಂಖ್ಯೆ 6,000ದ ಆಸುಪಾಸು. ಅಲ್ಲಿನ ಆಸ್ಬರಿ ವಿಶ್ವವಿದ್ಯಾಲಯದಲ್ಲಿ 2023ರ ಫೆಬ್ರವರಿ 8, ಬುಧವಾರ ಬೆಳಿಗ್ಗೆ ಎಂದಿನ ಚಾಪೆಲ್ ನಡೆಯಿತು. ಹಾಜರಾತಿ ಲೆಕ್ಕಕ್ಕಾದರೂ ಹೋಗಲೇಬೇಕಾದ ಚಾಪೆಲ್ ಅದು. ಅವತ್ತು ಪ್ರಸಂಗ ಮಾಡಿದವರಿಗೇ ತಮ್ಮ ಮಾತು ಠುಸ್ಸಾಯ್ತು ಅನ್ನಿಸಿತ್ತಂತೆ. ಹೆಚ್ಚಿನವರು ಎದ್ದು ಕ್ಲಾಸಿಗೆ ಹೋದರು. ಇಪ್ಪತ್ತು ಮಂದಿಯಷ್ಟು ಉಳಿದು ಹಾಡುತ್ತಾ, ಪ್ರಾರ್ಥಿಸುತ್ತಾ ಕೂತರು. ಅವರಲ್ಲೊಬ್ಬ ತನ್ನ ಪಾಪಗಳನ್ನು ಎಲ್ಲರೆದುರು ಅರಿಕೆ ಮಾಡಿಕೊಂಡ. ಹೋದವರು ವಾಪಸ್ ಬರತೊಡಗಿದರು. ಎರಡು ವಾರ ದಾಟಿದರೂ ಅದು ನಿಲ್ಲಲಿಲ್ಲ. ಹೊರಗಿನಿಂದ ಬಂದವರೇ 50,000ಕ್ಕೂ ಹೆಚ್ಚು ಅಂತ ಅಂದಾಜು.

ತಮಾಷೆ ಏನು ಗೊತ್ತಾ? ಅಮೆರಿಕದ ಕಾಲೇಜುಗಳಿಗಾಗಿ ವರ್ಷಕ್ಕೊಮ್ಮೆ ನಡೆಯುವ ಪ್ರಾರ್ಥನಾ ದಿನದ ನೇರಪ್ರಸಾರ ಆ ಸಲ ಫೆಬ್ರವರಿ 23ಕ್ಕೆ ಆಸ್ಬರಿಯಿಂದಲೇ ಅಂತ ಮೊದಲೇ ನಿಗದಿಯಾಗಿತ್ತು. ಪ್ರೋಗ್ರಾಮ್ ಶೀಟಿನ ಪ್ರಕಾರ ನಡೆದಿದ್ದರೆ ದೇವರು ಇನ್ನೂ ಹದಿನೈದು ದಿನ ಕಾಯಬೇಕಿತ್ತು!

"ಜನ ಪ್ರಾರ್ಥನೆ ಮಾಡಿದ್ದಕ್ಕೇ ಅಲ್ವಾ ಅದು ಬಂದಿದ್ದು?" ಅಂತ ಕೇಳ್ತೀರಿ. ಇರಬಹುದು, ವಾದ ಮಾಡಲ್ಲ. ಆದರೆ ಬಂದಾಗ ಹಿರಿಯರು ಏನು ಮಾಡಿದರು ಅನ್ನೋದನ್ನೂ ನೋಡಿ. ಅದೇ ಕಾಲೇಜಿನಲ್ಲಿ 1970ರ ಫೆಬ್ರವರಿ 3ರಂದು ಮಾತಾಡಬೇಕಿದ್ದ ಡೀನ್, ಪ್ರಸಂಗ ಬದಿಗಿಟ್ಟು ತಮ್ಮ ಸಾಕ್ಷಿ ಹೇಳಿ, ಮೈಕು ಹುಡುಗರಿಗೆ ಬಿಟ್ಟುಕೊಟ್ಟಿದ್ದರು. ಕೂಟ 185 ಗಂಟೆ ನಡೆಯಿತು. 2023ರಲ್ಲೂ ಅಷ್ಟೇ: ದೊಡ್ಡ ಹೆಸರಿನವರಿಗೆ ವೇದಿಕೆ ಇಲ್ಲ, ಹಾಡಿನ ಸಾಲು ತೋರಿಸುವ ಪರದೆ ಇಲ್ಲ, 25ರೊಳಗಿನವರಿಗೆ ಸೀಟು ಮೀಸಲು. ಜನಜಾತ್ರೆ ಮಿತಿಮೀರಿದಾಗ ಹೊರಗಿನವರಿಗೆ ಬಾಗಿಲು ಹಾಕೋ ಧೈರ್ಯವನ್ನೂ ಮಾಡಿದರು. ನಾವಾಗಿದ್ದರೆ ಮೂರನೇ ದಿನಕ್ಕೆ ಟೀ-ಶರ್ಟ್ ಪ್ರಿಂಟಾಗಿರ್ತಿತ್ತು, ಎರಡನೇ ವಾರಕ್ಕೆ 'ಬೆಂಗಳೂರು ಎಡಿಷನ್'.

ಇದು ಬರೀ ಅಭಿರುಚಿಯ ಪ್ರಶ್ನೆ ಅಲ್ಲ. ಕೀಬೋರ್ಡಿನವನು ಮೆಲ್ಲಗೆ ಸ್ವರ ಏರಿಸಿ, ಲೈಟು ತಗ್ಗಿಸಿ, ಪಕ್ಕದವರೆಲ್ಲ ಅಳ್ತಿರುವಾಗ ಒಬ್ಬಳಿಗೆ ಏನೂ ಅನ್ನಿಸೋದಿಲ್ಲ. ಅವಳು ಸೌಂಡ್ ಸಿಸ್ಟಮ್ಮನ್ನು ಅನುಮಾನಿಸಲ್ಲ, ತನ್ನನ್ನೇ ಅನುಮಾನಿಸ್ತಾಳೆ: ದೇವರಿಗೆ ನಾನು ಬೇಡವಾದೆನೇನೋ ಅಂತ. ಪಿಜಿ ರೂಮಿಗೆ ಹೋಗಿ ಅದನ್ನು ಯಾರಿಗೂ ಹೇಳಲ್ಲ. ಬ್ಯಾಕ್‌ಲಾಗು, ಎಜುಕೇಷನ್ ಲೋನು, "ನನಗೆ ನಂಬಿಕೆ ಇದೆಯೋ ಇಲ್ಲವೋ ಗೊತ್ತಿಲ್ಲ" ಅನ್ನೋ ಮಾತು, ಇವನ್ನೆಲ್ಲ ಹೇಳಿಕೊಳ್ಳೋಕೆ ನಮ್ಮ ರಾತ್ರಿ ಪ್ರಾರ್ಥನೆಯಲ್ಲಿ ಸ್ಲಾಟ್ ಎಲ್ಲಿದೆ? ಹೇಳಿದರೂ ಮಾರನೇ ದಿನ ಅದೇ ಪ್ರಾರ್ಥನಾ ವಿಷಯವಾಗಿ ವಾಟ್ಸಾಪ್ ಗ್ರೂಪಿಗೆ ಹೋಗುತ್ತೆ, ಹೆಸರಿನ ಸಮೇತ.

ಮುಂದಿನ ಕೂಟದ ಪೋಸ್ಟರು ಈಗಾಗಲೇ ಪ್ರಿಂಟಿಗೆ ಹೋಗಿದ್ದರೆ ಹೋಗಲಿ ಬಿಡಿ. ಸ್ಪೀಕರಿಗೆ ಅಂತ ಇಟ್ಟಿರೋ ಮುಕ್ಕಾಲು ಗಂಟೆಯನ್ನು ಮಾತ್ರ ವಿದ್ಯಾರ್ಥಿಗಳಿಗೆ ಕೊಡಿ. ಕ್ಯಾಮೆರಾ ಆಫ್ ಮಾಡಿ. ಯಾರೂ ಬಾಯಿ ಬಿಡದಿದ್ದರೆ ಆ ಮೌನವನ್ನು ಹಾಡಿನಿಂದ ತುಂಬೋಕೆ ಹೋಗಬೇಡಿ. ಹಾಲ್ ಬೀಗದ ಕೈ ಹಿಡಿದ ಅಂಕಲ್, ನೀವೂ ಸ್ವಲ್ಪ ಹೊತ್ತು ಹಿಂದಿನ ಬೆಂಚಿನಲ್ಲಿ ಕೂತಿರಿ.