ಗಣಕಯಂತ್ರದ ಉಗ್ರಾಣ

ಆಯುಧಪೂಜೆಯ ದಿನ ಅರಿಸಿನ ಕುಂಕುಮಗಳನ್ನೂ ಒಂದು ಸೇವಂತಿಗೆಯನ್ನೂ ಪಡೆದು ಧನ್ಯವಾಗುವ ಗಣಕಯಂತ್ರವು ವರ್ಷದ ಉಳಿದ ದಿನಗಳಲ್ಲಿ ಪಡೆಯುವುದು ಬೈಗುಳವನ್ನು ಮಾತ್ರ. ಗುಂಡಿಯನ್ನೊತ್ತಿ, ಕಾಫಿ ಮಾಡಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇರುತ್ತದೆ. “ಇದಕ್ಕೆ ವಯಸ್ಸಾಯಿತು, ಹೊಸದನ್ನು ತರೋಣ” ಎಂದು ಮಗನೂ, “ಇನ್ನೊಂದು ವರ್ಷ ತಳ್ಳೋಣ” ಎಂದು ತಂದೆಯೂ ವಾದಿಸುತ್ತಾರೆ. ಅದರ ಹೊಟ್ಟೆಯಲ್ಲೇನಿದೆಯೆಂದು ಇಬ್ಬರೂ ನೋಡಿರುವುದಿಲ್ಲ.

ನೋಡಿದರೆ ತಿಳಿಯುವುದಿಷ್ಟು: ಅನೇಕ ಮನೆಗಳಲ್ಲಿ ಯಂತ್ರವನ್ನು ಬಾಗಿಸಿರುವುದು ವಯಸ್ಸಲ್ಲ, ಹೊರೆ. ಗಣಕಯಂತ್ರದಲ್ಲಿ ಉಗ್ರಾಣವೊಂದಿದೆ, ಅಡುಗೆಕಟ್ಟೆಯೊಂದಿದೆ. ಕಡತಗಳನ್ನು ಕೂಡಿಡುವ ಡಿಸ್ಕು ಉಗ್ರಾಣ. ಸದ್ಯದ ಕೆಲಸಕ್ಕೆ ಬೇಕಾದುದನ್ನು ಹರಡಿಕೊಳ್ಳುವ ರ್‍ಯಾಮ್ ಅಡುಗೆಕಟ್ಟೆ. ಹಳೆಯ ಯಂತ್ರಗಳಲ್ಲಿ ಕಟ್ಟೆ ಚಿಕ್ಕದು, ಹಲವೆಡೆ 4 ಜಿಬಿ ಮಾತ್ರ. ಅದರ ಮೇಲೆ ಎಡೆ ಸಾಲದಿದ್ದಾಗ ಯಂತ್ರವು ಸಾಮಾನನ್ನು ಉಗ್ರಾಣಕ್ಕೆ ಒಯ್ಯುತ್ತ, ಮತ್ತೆ ತರುತ್ತ ದಣಿಯುತ್ತದೆ. ಉಗ್ರಾಣವೂ ಬಾಗಿಲವರೆಗೆ ತುಂಬಿದ್ದರೆ ಹೇಳುವುದೇನು?

ಮೊದಲು ಕಟ್ಟೆಯನ್ನು ತೆರವು ಮಾಡಬೇಕು. ವಿಂಡೋಸ್ ಯಂತ್ರವಾದರೆ ‘ಟಾಸ್ಕ್ ಮ್ಯಾನೇಜರ್’ ತೆರೆದು ‘ಸ್ಟಾರ್ಟಪ್’ ಪಟ್ಟಿಯನ್ನು ನೋಡಿರಿ. ಯಂತ್ರ ಕಣ್ಣು ಬಿಡುವ ಮೊದಲೇ ಕರೆಯದೆ ಬಂದು ಎಲೆಯ ಮುಂದೆ ಕುಳಿತ ತಂತ್ರಾಂಶಗಳೆಲ್ಲ ಅಲ್ಲಿವೆ. ವೈರಸ್ ತಡೆಯುವ ಕಾವಲುಗಾರನನ್ನು ಬಿಟ್ಟು, ನಿತ್ಯ ಬೇಡವಾದವುಗಳನ್ನು ‘ಡಿಸೇಬಲ್’ ಮಾಡಬಹುದು. ಇದರಿಂದ ಅವು ಅಳಿಯುವುದಿಲ್ಲ. ಕರೆದಾಗ ಬರುತ್ತವೆ, ಅಷ್ಟೆ.

ಇನ್ನು ಉಗ್ರಾಣ. ‘ಸೆಟ್ಟಿಂಗ್ಸ್’, ಅದರಲ್ಲಿ ‘ಸಿಸ್ಟಮ್’, ಅದರಲ್ಲಿ ‘ಸ್ಟೋರೇಜ್’ ಎಂದು ಒಳಹೊಕ್ಕರೆ ಯಾವುದು ಎಷ್ಟು ಜಾಗ ಹಿಡಿದಿದೆಯೆಂಬ ಲೆಕ್ಕ ದೊರೆಯುತ್ತದೆ. ಇಲ್ಲಿ ಒಂದು ವಿವೇಕವನ್ನು ಮರೆಯಬಾರದು. ಯಂತ್ರ ತಾನಾಗಿ ಮಾಡಿಕೊಂಡ ಕಸ ಬೇರೆ, ಮನೆಯವರು ತಂದಿಟ್ಟ ವಸ್ತು ಬೇರೆ. ತಾತ್ಕಾಲಿಕ ಕಡತಗಳು, ಪರಿಷ್ಕರಣಗಳ ಉಳಿಕೆ ಮೊದಲನೆಯ ಬಗೆಯವು; ಅವನ್ನು ಯಂತ್ರದ ಕೈಯಿಂದಲೇ ಗುಡಿಸಿಸಬಹುದು. ಎರಡನೆಯ ಬಗೆಯದನ್ನು ಮನೆಯವರೇ ಕುಳಿತು ಆರಿಸಬೇಕು.

ಈ ಎಚ್ಚರಿಕೆ ವ್ಯರ್ಥವಲ್ಲ. ಯಂತ್ರವು ತೋರಿಸುವ ‘ಟೆಂಪೊರರಿ ಫೈಲ್ಸ್’ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಹೆಸರೂ ಕಾಣಿಸಿಕೊಳ್ಳುತ್ತದೆ. ಮಗಳ ಅಂಕಪಟ್ಟಿ, ತಾತನ ಪಿಂಚಣಿಯ ಆದೇಶ, ಮನೆಯ ತೆರಿಗೆಯ ರಸೀತಿ ಎಲ್ಲವೂ ಸಾಮಾನ್ಯವಾಗಿ ಮಲಗಿರುವುದು ಅಲ್ಲಿಯೇ. ‘ರಿಸೈಕಲ್ ಬಿನ್’ ಕೂಡ ಅದೇ ಪಟ್ಟಿಯಲ್ಲಿದೆ. ಕೈತಪ್ಪಿ ಅದರೊಳಗೆ ಬಿದ್ದುದೇನಾದರೂ ಉಂಟೆ ಎಂದು ಇಣುಕಿ ನೋಡಿ ಬರಿದು ಮಾಡುವುದು ಲೇಸು. ಅವಸರದಲ್ಲಿ ಎಲ್ಲಕ್ಕೂ ಗುರುತು ಹಾಕಿ ಒತ್ತಿದವರಿಗೆ ಜಾಗವೇನೋ ಸಿಕ್ಕುತ್ತದೆ.

ಕನ್ನಡಿಗರಿಗೆ ಇನ್ನೊಂದು ಅಪಾಯವುಂಟು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹಗಳ ಅಕ್ಷರಗಳಲ್ಲಿ ಬೆರಳಚ್ಚಾದ ಬರವಣಿಗೆ ನಮ್ಮ ಹಳೆಯ ಯಂತ್ರಗಳಲ್ಲಿ ವಿಪುಲವಾಗಿದೆ. ಬೇಡವೆಂದು ಆ ಫಾಂಟುಗಳನ್ನು ತೆಗೆದುಹಾಕಿದರೆ ಕಡತ ಉಳಿಯುತ್ತದೆ, ಕನ್ನಡ ಉಳಿಯುವುದಿಲ್ಲ. ಅಜ್ಜಿ ಹೇಳಿ ಬರೆಯಿಸಿದ ಹಾಡುಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಪರದೆಯ ಮೇಲೆ ನೆರೆಯುತ್ತದೆ. ಅಂತಹ ಬರವಣಿಗೆಯನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಓದಿ ನೋಡಿ, ಬಳಿಕ ಫಾಂಟುಗಳ ಮಾತೆತ್ತಬೇಕು.

ಉಗ್ರಾಣದಲ್ಲಿ ಹೆಚ್ಚಿನ ಜಾಗ ಹಿಡಿಯುವುದು ಬರಹವಲ್ಲ, ಚಿತ್ರ ಮತ್ತು ಚಲನಚಿತ್ರ. ಒಂದೇ ಮದುವೆಯ ಒಂದೇ ನಗು ನಾಲ್ಕು ಕಡೆ ಕುಳಿತಿರುವುದುಂಟು. ಇವನ್ನು ಹೊರಗಿನ ಡಿಸ್ಕಿಗೆ ಸಾಗಿಸಬಹುದು. ಆದರೆ ಸಾಗಿಸುವುದು ಬೇರೆ, ಪ್ರತಿ ಮಾಡುವುದು ಬೇರೆ. ಒಂದೇ ಡಿಸ್ಕಿನಲ್ಲಿರುವ ಏಕೈಕ ಪ್ರತಿಯು ಆ ಡಿಸ್ಕು ಕೆಟ್ಟ ದಿನ ಇಲ್ಲವಾಗುತ್ತದೆ. ಎರಡು ಕಡೆ ಎರಡು ಪ್ರತಿಗಳಾಗಿ, ಎರಡೂ ತೆರೆಯುತ್ತವೆಂದು ಖಚಿತವಾದ ಮೇಲೆಯೇ ಮೂಲವನ್ನು ಅಳಿಸುವುದು.

ಇಷ್ಟಾದರೂ ನಡಿಗೆ ಚುರುಕಾಗದಿದ್ದರೆ, ಒಳಗೆ ಗಿರಗಿರನೆ ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯನ್ನು ಕೂಡಿಸುವುದು ಬಹುತೇಕ ಯಂತ್ರಗಳಲ್ಲಿ ಸಾಧ್ಯ. ಇದರಿಂದ ಆಗುವಷ್ಟು ಗುಣ ಬೇರೆ ಚಿಕಿತ್ಸೆಯಿಂದ ಆಗದು. ವೇಗ ಬಂದ ಮಾತ್ರಕ್ಕೆ ರಕ್ಷಣೆ ಬಂದಂತಲ್ಲವೆಂಬುದೂ ನೆನಪಿರಲಿ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ನ್ನು ಹೊರಲಾರದ ಯಂತ್ರಕ್ಕೆ ಉಚಿತವಾದ ಲಿನಕ್ಸ್ ಒಂದು ದಾರಿ. ಸುರಕ್ಷಾ ಪರಿಷ್ಕರಣಗಳು ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಬೇಡ.

ಮನೆಯವರೆಲ್ಲ ಒಂದು ಭಾನುವಾರದ ಮಧ್ಯಾಹ್ನ ಪರದೆಯ ಮುಂದೆ ಕುಳಿತು ಆರಿಸಲಿ. ಯಾವುದನ್ನು ಅಳಿಸಬಾರದೆಂಬುದನ್ನು ಹಿರಿಯರು ಹೇಳಬಲ್ಲರು, ಹೇಗೆ ಅಳಿಸಬೇಕೆಂಬುದನ್ನು ಕಿರಿಯರು ಬಲ್ಲರು. ಇಬ್ಬರಲ್ಲಿ ಒಬ್ಬರೇ ಕುಳಿತರೆ ಉಗ್ರಾಣ ಒಂದೋ ತುಂಬಿಯೇ ಇರುತ್ತದೆ, ಇಲ್ಲವೆ ಪೂರ್ತಿ ಬರಿದಾಗುತ್ತದೆ.