ಕಡಕ್‌ನಾಥ್: ಹೆಸರಷ್ಟೇ ಅಲ್ಲ, ತಳಿಯೂ ಉಳಿಯಲಿ



ಕಡಕ್‌ನಾಥ್ ಕೋಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಪುಕ್ಕ ಕಪ್ಪಗಿದ್ದರೆ ಸಾಕು, ಮಿಶ್ರತಳಿ ಮರಿಗಳನ್ನೂ ಅದೇ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರುತ್ತಾರೆ. ಮಧ್ಯಪ್ರದೇಶದ ಝಾಬುವಾದ ಭಿಲ್, ಭಿಲಾಲ ಆದಿವಾಸಿಗಳು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ತಳಿಯಿದು. 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಅಸಲಿ ತಳಿಯಲ್ಲಿ ಜುಟ್ಟು, ನಾಲಿಗೆ, ಚರ್ಮ, ಮಾಂಸದವರೆಗೂ ಕಪ್ಪು ಛಾಯೆಯಿರುತ್ತದೆ. ಮೊಟ್ಟೆ ಮಾತ್ರ ತಿಳಿ ಕಂದು. ಕಪ್ಪು ಮೊಟ್ಟೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈ ಹೇಂಟೆಗಳು ಕಾವಿಗೆ ಕೂರುವುದು ಕಡಿಮೆ. ಹಾಗಾಗಿ ನಮ್ಮ ಹಿತ್ತಲಲ್ಲಿ ನಾಟಿ ಹೇಂಟೆಯ ಕೆಳಗೆ ಮೊಟ್ಟೆ ಇಡುತ್ತೇವೆ. ವಾರದ ಬಳಿಕ ಕತ್ತಲಲ್ಲಿ ಟಾರ್ಚ್ ಹಿಡಿದರೆ, ಫಲಿತ ಮೊಟ್ಟೆಯೊಳಗೆ ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ, ಬರಿದಾದವನ್ನು ತೆಗೆದುಬಿಡಬೇಕು. ಗಾಳಿಯಾಡುವ ಕಾವು ಯಂತ್ರವಾದರೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. 18ನೇ ದಿನದವರೆಗೆ ಮೊಟ್ಟೆ ಹೊರಳಿಸಬೇಕು, ಆಮೇಲೆ ತೇವಾಂಶ ಹೆಚ್ಚಿಸಬೇಕು. 21ನೇ ದಿನ ಮರಿ ಚಿಪ್ಪು ಕುಟ್ಟತೊಡಗಿದಾಗ ಅವಸರಪಟ್ಟು ಬಿಡಿಸಬಾರದು, ಒಳಪೊರೆಯಿಂದ ರಕ್ತ ಸೋರಿ ಮರಿ ಸಾಯಬಹುದು.

ಸಾಕುವವರಲ್ಲಿ ನನ್ನ ವಿನಂತಿ: ಬೇರೆ ತಳಿಯ ಹುಂಜ ಬೆರೆಯದಂತೆ ನೋಡಿಕೊಳ್ಳಿ. ಒಂದೇ ಹಿಂಡಿನೊಳಗೆ ಒಳಸಂತಾನ ಬೆಳೆಯದಂತೆ ಶುದ್ಧ ತಳಿಯ ಹುಂಜಗಳನ್ನು ಪರಸ್ಪರ ಬದಲಾಯಿಸಿಕೊಳ್ಳಿ. ಪಶುಸಂಗೋಪನಾ ಇಲಾಖೆಯು ಶುದ್ಧ ತಳಿ ಸಾಕುವವರ ಪಟ್ಟಿಯನ್ನು ತಾಲ್ಲೂಕುವಾರು ಪ್ರಕಟಿಸಲಿ. ಹತ್ತಾರು ಕೋಳಿ ಸಾಕುವ ಮನೆಗೂ ರಾಣಿಖೇತ್ ರೋಗದ ಲಸಿಕೆ ಸಕಾಲಕ್ಕೆ ಸಿಗುವ ವ್ಯವಸ್ಥೆ ಮಾಡಲಿ.

– ಓರ್ವ ಓದುಗಿ, ಸಾಗರ