ಕಾವಲು ಎಂದರೆ ಪಾಳು ಅಲ್ಲ ಸ್ವಾಮೀ!

ಮುಂಗಾರು ಹತ್ತಿರ ಬಂತೆಂದರೆ ನಮ್ಮ ಕಡೆ ಗಿಡ ನೆಡುವ ಹುಮ್ಮಸ್ಸು ಏರುತ್ತದೆ. ಸಂಘದವರು, ಶಾಲೆಯವರು, ಪುಢಾರಿಗಳು ಎಲ್ಲ ಸಾಲಾಗಿ ನಿಂತು, ಒಂದು ಸಸಿಗೆ ಇಪ್ಪತ್ತು ಕೈ ಹಚ್ಚಿ ಫೋಟೋ ಹೊಡೆಸಿಕೊಳ್ತಾರೆ. ಗಿಡ ನೆಡುವುದು ಪುಣ್ಯದ ಕೆಲಸ. ಅದಕ್ಕೆ ನಮ್ಮ ತಕರಾರಿಲ್ಲ. ತಕರಾರಿರುವುದು ಜಾಗದ ಬಗ್ಗೆ. ಊರೊಳಗೆ ಜಾಗ ಸಾಲದೆ ಹೋದಾಗ ಎಲ್ಲರ ಕಣ್ಣು ಬೀಳುವುದು ಕಾವಲಿನ ಮೇಲೆ. "ಖಾಲಿ ಬಿದ್ದಿದೆಯಲ್ರೀ, ಬರೀ ಹುಲ್ಲು" ಅಂತಾರೆ.

ಬರೀ ಹುಲ್ಲು! ಅಜ್ಜಂಪುರದವರ ಬಾಯಲ್ಲಿ ಈ ಮಾತು ಬರಬಾರದು. ಈ ಊರಿನ ಹೆಸರು ನಾಡಿಗೆ ಗೊತ್ತಾಗಿದ್ದೇ ಆ ಹುಲ್ಲಿನಿಂದ.

ಹದಿನೇಳನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇಟ್ಟಿದ್ದರು. ಮುಂದೆ ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರು ಬದಲಿಸಿದ. ಫಿರಂಗಿ ಎಳೆಯುವ, ದಣಿವೆಂಬುದನ್ನೇ ಅರಿಯದ ಎತ್ತುಗಳು ತಯಾರಾದದ್ದು ಈ ಹುಲ್ಲುಗಾವಲುಗಳಲ್ಲಿ. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು ಕಾವಲು, ಚಳಿಗಾಲಕ್ಕೊಂದು ಕಾವಲು ಎಂದು ವಿಂಗಡಿಸಿ ದನ ಮೇಯಿಸುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರಬೇಕು, ಬೀಜ ಉದುರಬೇಕು. ಇದು ಯಾವ ವಿಶ್ವವಿದ್ಯಾಲಯವೂ ಹೇಳಿಕೊಟ್ಟ ವಿದ್ಯೆಯಲ್ಲ, ದನಗಾಹಿಯ ಲೆಕ್ಕಾಚಾರ. ಆ ತಳಿಯ ಸಂವರ್ಧನಾ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲೇ ಇದೆ.

ಹಳೇ ಮೈಸೂರು ಸೀಮೆಯಲ್ಲಿ ಅಮೃತ ಮಹಲ್ ಕಾವಲು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ದಾಟಿತ್ತು. ಈಗ ಅದರ ಐದನೇ ಒಂದು ಪಾಲೂ ಉಳಿದಿಲ್ಲ. ಸಾಗುವಳಿಗೆ ಕೊಟ್ಟದ್ದು ಸ್ವಲ್ಪ, ಒತ್ತುವರಿ ನುಂಗಿದ್ದು ಸ್ವಲ್ಪ, ಯೋಜನೆಗಳಿಗೆ ಹೋದದ್ದು ಸ್ವಲ್ಪ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾದದ್ದು ಎಲ್ಲರಿಗೂ ಗೊತ್ತು. ಕಾಗದದಲ್ಲಿ 'ಪಾಳು' ಎಂದು ಒಂದು ಶಬ್ದ ಬಿದ್ದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿಯೇ ನಡೆಯುತ್ತದೆ.

ಆ 'ಪಾಳಿ'ನಲ್ಲಿ ಏನಿದೆ ನೋಡೋಣ. ಕರಡ, ಹಂಚಿ ಹುಲ್ಲು, ನಡುನಡುವೆ ತಂಗಡಿ, ಕವಳಿ, ಎಲಚಿ, ಅಲ್ಲೊಂದು ಇಲ್ಲೊಂದು ಕಗ್ಗಲಿ. ಅದರೊಳಗೆ ನೆಲದ ಮೇಲೇ ಮೊಟ್ಟೆ ಇಡುವ ನೆಲಗುಬ್ಬಿ, ಟಿಟ್ಟಿಭ, ಗೌಜಲಕ್ಕಿ. ಈ ಬಯಲು ಸೀಮೆಯ ಹುಲ್ಲುಗಾವಲುಗಳನ್ನೇ ನಂಬಿಕೊಂಡ ಕೃಷ್ಣಮೃಗ, ನರಿ, ತೋಳ. ಚಳಿಗಾಲದಲ್ಲಿ ಕಜಾಕಸ್ತಾನದಂಥ ದೂರದ ದೇಶಗಳಿಂದ ಹಾರಿ ಬರುವ ಹ್ಯಾರಿಯರ್ ಎಂಬ ಗಿಡುಗ. ಇಷ್ಟು ದೂರದಿಂದ ಬಂದ ಈ ಅತಿಥಿ ರಾತ್ರಿ ಮಲಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಹಗಲೆಲ್ಲ ಹೊಲದ ಮೇಲೆ ತೇಲುತ್ತ ಮಿಡತೆ ಹಿಡಿಯುತ್ತದೆ. ನರಿ, ಗೂಬೆಗಳು ಇಲಿ ಹಿಡಿಯುತ್ತವೆ. ರಾಗಿ, ಈರುಳ್ಳಿ ಬೆಳೆಯುವ ಸೀಮೆಗೆ ಸಂಬಳ ಕೇಳದ ಕೆಲಸಗಾರರು ಇವರು.

ಇಂಥ ಜಾಗದಲ್ಲಿ ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯಾವನ್ನೋ ನಿಲ್ಲಿಸಿದರೆ ಏನಾಗುತ್ತದೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಅಜ್ಜಂಪುರದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿ, ದಾವಣಗೆರೆ, ಹರಿಹರ ದಾಟಿದರೆ ರಾಣೆಬೆನ್ನೂರು. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು, 119 ಚದರ ಕಿಲೋಮೀಟರ್. ಅದರ ಬಹುಭಾಗಕ್ಕೆ ನೀಲಗಿರಿ ತೋಪು ಹಬ್ಬಿತು. ಅಲ್ಲಿದ್ದ ಎರೆಭೂತ ಎಂಬ ಭಾರೀ ಹಕ್ಕಿ, ದೇಶದಲ್ಲೇ ಅಪರೂಪವಾದದ್ದು, ಕಾಣೆಯಾಯಿತು. ಕೃಷ್ಣಮೃಗವೇನೋ ಉಳಿಯಿತು. ಆದರೆ ಹೊಟ್ಟೆಗೆ ಹುಲ್ಲು ಸಾಲದೆ ರೈತರ ಹೊಲಕ್ಕೆ ನುಗ್ಗುವುದನ್ನು ಕಲಿಯಿತು. ರಾಜ್ಯ ಸರ್ಕಾರ ನೀಲಗಿರಿ ನೆಡುವುದಕ್ಕೆ ತಡೆ ಹಾಕಿದ್ದು 2017ರಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಹಾಗಂತ ಎಲ್ಲವೂ ಹಾಳಾಗಿದೆ ಎಂದು ತಲೆ ಮೇಲೆ ಕೈ ಹೊತ್ತು ಕೂರಬೇಕಾಗಿಲ್ಲ. ತುಮಕೂರಿನ ಕೆಲವರು ಬಿಡುವಿನ ದಿನ ಮನೆಯಲ್ಲಿ ಕೂರದೆ ಬೈನಾಕ್ಯುಲರ್ ಹಿಡಿದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿಗೆ ಹೋದರು. ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಎಂಬುದು ಅವರ ಸಂಘ. ಕೃಷ್ಣಮೃಗಗಳನ್ನು ಎಣಿಸಿದರು, ಬರೆದಿಟ್ಟರು, ಇಲಾಖೆಯ ಬಾಗಿಲು ತಟ್ಟಿದರು. 2007ರಲ್ಲಿ ಆ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಯಾರೂ ಸಂಬಳ ಕೊಟ್ಟಿರಲಿಲ್ಲ, ಯಾರೂ ಕರೆದಿರಲೂ ಇಲ್ಲ.

ನಮ್ಮ ಜಿಲ್ಲೆಯೂ ಹಿಂದೆ ಬಿದ್ದಿಲ್ಲ. ಚಿಕ್ಕಮಗಳೂರಿನ ಡಿ.ವಿ. ಗಿರೀಶ್ ಮತ್ತು ಸಂಗಡಿಗರ ಹೆಸರನ್ನು ಭದ್ರಾ ಕಾಡಿನ ವಿಷಯದಲ್ಲಿ ಕೇಳದವರು ಕಡಿಮೆ. 2001-02ರ ಹೊತ್ತಿಗೆ ಭದ್ರಾ ಅಭಯಾರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು, ಬಹುಪಾಲು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವಲ್ಲ, ಆಗ ಇಲಾಖೆಗೂ ಹಳ್ಳಿಯವರಿಗೂ ನಡುವೆ ಓಡಾಡಿದವರಲ್ಲಿ ಇಂಥ ಸ್ವಯಂಸೇವಕರೂ ಇದ್ದರು. ಇನ್ನು ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು, ಸುಮಾರು 736 ಹೆಕ್ಟೇರು. 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಎಂದು ಸರ್ಕಾರ ಘೋಷಿಸಿತು. ಹುಲಿ, ಆನೆ ಇರುವ ದಟ್ಟ ಕಾಡಿಗಲ್ಲ, ಬರೀ ಹುಲ್ಲಿಗೆ ಸಿಕ್ಕ ಮರ್ಯಾದೆ ಇದು!

ಇಲ್ಲೊಂದು ಮಾತು ಓದುಗರು ಗಮನಿಸಬೇಕು. ಇಂಥ ಮೀಸಲು ಪ್ರದೇಶ ಬಂದದ್ದು ವನ್ಯಜೀವಿ ಸಂರಕ್ಷಣಾ ಕಾಯಿದೆಯ 2002ರ ತಿದ್ದುಪಡಿಯಿಂದ. ಘೋಷಿಸುವ ಮೊದಲು ಸ್ಥಳೀಯರ ಜೊತೆ ಸಮಾಲೋಚನೆ ಮಾಡಬೇಕು ಎನ್ನುತ್ತದೆ ಕಾಯಿದೆ. ಅದರ ಸಮಿತಿಯಲ್ಲಿ ಅಧಿಕಾರಿಗಳಷ್ಟೇ ಇರುವುದಲ್ಲ. ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯ್ತಿಗೆ ಒಂದು ಕುರ್ಚಿ, ವನ್ಯಜೀವಿ ಸಂರಕ್ಷಣೆಯ ಸ್ವಯಂಸೇವಾ ಸಂಸ್ಥೆಗಳಿಗೆ ಮೂರು ಕುರ್ಚಿ ಇವೆ. ಕೃಷಿ, ಪಶುಪಾಲನೆ ಇಲಾಖೆಗಳಿಗೂ ಜಾಗವಿದೆ. ನಿಮ್ಮ ಪಂಚಾಯ್ತಿ ಸದಸ್ಯರು ಓಟು ಕೇಳಲು ಬಂದಾಗ ಚರಂಡಿ, ಬೀದಿ ದೀಪದ ಜೊತೆಗೆ ಇದನ್ನೂ ಒಂದು ಮಾತು ಕೇಳಿ: "ಸ್ವಾಮಿ, ಕಾವಲಿನ ವಿಷಯಕ್ಕೆ ಸಭೆ ಆಯ್ತಾ? ನೀವು ಹೋಗಿದ್ರಾ?"

ಇನ್ನು ಪರಿಸರಪ್ರೇಮಿಗಳಿಗೂ ನಾಲ್ಕು ಮಾತು. ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ. ಆದರೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ಹುಲ್ಲಿನ ಮೇಲೆ ಜೀಪು ಓಡಿಸಿದರೆ, ನೀವು ನೋಡಲು ಬಂದ ನೆಲಗುಬ್ಬಿಯ ಗೂಡು ನಿಮ್ಮ ಟೈರಿನ ಕೆಳಗೇ ಹೋಗುತ್ತದೆ. ತೋಳದ ಮರಿ ಕಂಡ ಜಾಗವನ್ನು ಮೊಬೈಲಿನಲ್ಲಿ ಊರಿಗೆಲ್ಲ ಡಂಗುರ ಹೊಡೆಯಬೇಡಿ. ಮತ್ತು ಕುರಿ ಕಾಯುವವನನ್ನು ಶತ್ರು ಎಂದು ತಿಳಿಯಬೇಡಿ. ತೋಳ ಎಲ್ಲಿ ಮಲಗುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವನು ಅವನು. ತೋಳ ಕುರಿ ಹಿಡಿದರೆ ನಷ್ಟವಾಗುವುದೂ ಅವನಿಗೇ, ನಿಮಗಲ್ಲ. ಕಾಡುಪ್ರಾಣಿ ಜಾನುವಾರು ಕೊಂದರೆ ಸರ್ಕಾರದ ಪರಿಹಾರ ಉಂಟು. ಆದರೆ ಅರ್ಜಿ, ಪಂಚನಾಮೆ, ಕಚೇರಿ ಅಲೆದಾಟ ಅವನಿಗೆ ಆಗದ ಕೆಲಸ. ಒಂದು ಭಾನುವಾರ ಹಕ್ಕಿ ಎಣಿಸುವುದು ಬಿಟ್ಟು ಅವನಿಗೊಂದು ಅರ್ಜಿ ಬರೆದುಕೊಡಿ. ಒಂದು ತೋಳ ಉಳಿಯುವುದು ಅಲ್ಲೇ.

ಅಂಗಡಿಯವರಿಗೆ, ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದರಲ್ಲಿ ಏನು ಕೆಲಸ ಅಂತೀರಾ? ಇದೆ. ಅಂಗಡಿಯ ಕಸ, ಕೊಳೆತ ಮಾಲು ಕಾವಲಿನ ಅಂಚಿಗೆ ಸುರಿಯಬೇಡಿ. ಕಸ ಬಿದ್ದ ಕಡೆ ಬೀದಿನಾಯಿ ಸೇರುತ್ತದೆ, ನಾಯಿ ಸೇರಿದ ಕಡೆ ಕೃಷ್ಣಮೃಗದ ಮರಿ ಬದುಕುವುದಿಲ್ಲ. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ಬೀಡಿ ತುಂಡು ಎಸೆಯುವ ಮೊದಲು ಆರಿಸಿ. ಕಾವಲಲ್ಲಿ ಹೊಗೆ ಎದ್ದದ್ದು ಕಂಡರೆ, ಜೆಸಿಬಿ ನಿಂತದ್ದು ಕಂಡರೆ, ಅರಣ್ಯ ಇಲಾಖೆಗೋ ಪಶುಪಾಲನೆ ಇಲಾಖೆಗೋ ಒಂದು ಫೋನ್ ಮಾಡಿ. ದಿನಾ ಅದೇ ದಾರಿಯಲ್ಲಿ ಹೋಗಿ ಬರುವ ನಿಮ್ಮಷ್ಟು ಒಳ್ಳೆಯ ಕಾವಲುಗಾರ ಇನ್ನೊಬ್ಬನಿಲ್ಲ.

ಗಿಡ ನೆಡಲೇಬೇಕು ಎನ್ನುವವರಿಗೆ ಜಾಗಕ್ಕೇನು ಬರವೇ? ಶಾಲೆಯ ಅಂಗಳವಿದೆ, ಕೆರೆ ಏರಿಯ ಆಚೆಗಿನ ಗುಂಡುತೋಪಿದೆ, ನೆರಳಿಲ್ಲದ ಬಸ್ ನಿಲ್ದಾಣಗಳಿವೆ. ಹೊಂಗೆ, ಬೇವು, ಬಸರಿ, ಆಲ ಹಾಕಿ. ಫೋಟೋ ಆದ ಮೇಲೂ ನೀರು ಹಾಕಿ. ಕೈಗೆ ಇನ್ನೂ ಕೆಲಸ ಬೇಕೆಂದರೆ, ಕಾವಲಿನೊಳಗೆ ನುಗ್ಗುತ್ತಿರುವ ಲಂಟಾನ, ಬಳ್ಳಾರಿ ಜಾಲಿ, ಕಾಂಗ್ರೆಸ್ ಗಿಡಗಳನ್ನು ಇಲಾಖೆಯ ಅನುಮತಿ ಪಡೆದು ಬೇರು ಸಮೇತ ಕಿತ್ತು ಹಾಕಿ. ಕಾವಲಿಗೆ ನೆಡುವವರಿಗಿಂತ ಕೀಳುವವರ ಅಗತ್ಯ ಹೆಚ್ಚಿದೆ.

ಜಿಲ್ಲಾಡಳಿತಕ್ಕೆ ನಮ್ಮ ಒತ್ತಾಯ ಇಷ್ಟೆ. ಅಜ್ಜಂಪುರ, ಕಡೂರು, ತರೀಕೆರೆ ತಾಲ್ಲೂಕುಗಳಲ್ಲಿ ಉಳಿದಿರುವ ಕಾವಲುಗಳ ಗಡಿ ಅಳೆದು ಕಲ್ಲು ನೆಡಿ. ಎಷ್ಟು ಎಕರೆ ಉಳಿದಿದೆ ಎಂಬ ಲೆಕ್ಕವನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ಎಲ್ಲರಿಗೂ ಕಾಣುವ ಹಾಗೆ ಬರೆಸಿ. ಆಮೇಲೆ ದಯವಿಟ್ಟು ಅಲ್ಲಿ ಏನೂ 'ಅಭಿವೃದ್ಧಿ' ಮಾಡಬೇಡಿ. ಹುಲ್ಲನ್ನು ಹುಲ್ಲಾಗಿಯೇ ಇರಲು ಬಿಡಿ.